ನಾಯಂಡಹಳ್ಳಿಯಲ್ಲಿ ಮಾತ್ರ ನಿಲ್ಲುವ ಕಾರು

ಪೂರ್ತಿ ಕೆಟ್ಟು ನಿಂತ ಕಾರಿನಿಂದ ಯಾರ ಸಂಸಾರವೂ ಹಾಳಾಗುವುದಿಲ್ಲ. ಟೋಯಿಂಗ್ ಗಾಡಿ ಬರುತ್ತದೆ, ಗ್ಯಾರೇಜಿಗೆ ಎಳೆದೊಯ್ಯುತ್ತದೆ, ಬಿಲ್ಲು ಬರುತ್ತದೆ, ಅಲ್ಲಿಗೆ ಮುಗಿಯಿತು. ನೆಮ್ಮದಿ ಕೆಡಿಸುವುದು ಒಮ್ಮೊಮ್ಮೆ ಮಾತ್ರ ಕೆಡುವ ಕಾರು. ಬಸವೇಶ್ವರನಗರದ ಯಜಮಾನರೊಬ್ಬರ ಪೆಟ್ರೋಲ್ ಕಾರು ಈ ಜಾತಿಯದು. ಹಾವನೂರು ಸರ್ಕಲ್ಲಿಗೆ ತರಕಾರಿ ತರಲು ಹೋದರೆ ಬಲು ಸಾಧು. ರಾಜಾಜಿನಗರದ ಛತ್ರಕ್ಕೆ ಮದುವೆ ಊಟಕ್ಕೆ ಹೋದರೂ ಸಾಧು. ಕೆಂಗೇರಿ ದಾರಿ ಹಿಡಿದು ನಾಯಂಡಹಳ್ಳಿಯ ಹತ್ತಿರ ಬಂದಿತೋ, ಕೆಮ್ಮಿಲ್ಲ, ನಡುಕವಿಲ್ಲ, ಎಂಜಿನ್ ಸುಮ್ಮನೆ ಆಫ್. ಹಿಂದೆ ನಿಂತ ಬಸ್ಸಿನ ಹಾರನ್ನು, ಪಕ್ಕದ ಆಟೋದವನ ಉಚಿತ ಸಲಹೆ, ಎರಡನ್ನೂ ನುಂಗಿಕೊಂಡು ಯಜಮಾನರು ಮೆಕ್ಯಾನಿಕ್‌ಗೆ ಫೋನ್ ಮಾಡುತ್ತಾರೆ. ಅವನು ಬೈಕಿನಲ್ಲಿ ಟ್ರಾಫಿಕ್ ಸೀಳಿಕೊಂಡು ಬಂದು ಕೀ ತಿರುಗಿಸಿದರೆ, ಒಂದೇ ಸೆಲ್ಫಿಗೆ ಸ್ಟಾರ್ಟ್!

“ಗಾಡಿ ಚೆನ್ನಾಗೇ ಇದೆಯಲ್ಲ ಸಾರ್” ಅನ್ನುತ್ತಾನೆ. ಅವನ ಮುಖದಲ್ಲಿ ಅನುಮಾನವೇನೋ ಇರುತ್ತದೆ, ಆದರೆ ಅದು ಗಾಡಿಯ ಮೇಲಲ್ಲ.

ಇಂಥ ಕಾರಿಗೆ ಬೀದಿ ತುಂಬ ವೈದ್ಯರು. ಎದುರು ಮನೆಯ ಹಿರಿಯರು ಮಾರುತಿ 800 ಓಡಿಸಿ ಪಳಗಿದವರು. 1983ರಲ್ಲಿ ರಸ್ತೆಗಿಳಿದ ಆ ಕಾರಿಗೆ ಮೂರು ಸಿಲಿಂಡರು, ಒಂದು ಕಾರ್ಬ್ಯುರೇಟರು, ಎಳೆಯಲು ಒಂದು ಚೋಕು. ಅದಕ್ಕೆ ಬರುವ ಕಾಯಿಲೆಗಳೂ ಅಷ್ಟರೊಳಗೇ ಇದ್ದವು. ಹಾಗಾಗಿ ಅವರ ತೀರ್ಪು ಈಗಲೂ ಒಂದೇ: “ಪ್ಲಗ್ ಬಿಚ್ಚಿ ಉಜ್ಜಿ ಹಾಕಿಸಿ.” ಆಡುಗೋಡಿಯ ಮೈಕೋ ಕಾರ್ಖಾನೆಯ ಸ್ಪಾರ್ಕ್ ಪ್ಲಗ್ ಕಂಡು ಬೆಳೆದ ಊರಿನಲ್ಲಿ ಪ್ಲಗ್ಗಿನ ಮೇಲೆ ಇಷ್ಟು ಭಕ್ತಿ ಇರುವುದು ಸಹಜವೇ. ಮೂಲೆ ಮನೆಯವರು ಪೆಟ್ರೋಲನ್ನು ದೂರುತ್ತಾರೆ: ಈಗ ಅದರಲ್ಲಿ 20% ಎಥನಾಲ್, ಅದು ನೀರು ಹೀರಿಕೊಳ್ಳುತ್ತದೆ, ಹಳೇ ಗಾಡಿಗೆ ಆಗಿಬರುವುದಿಲ್ಲ. ಮಾತಿನಲ್ಲಿ ಸತ್ಯಾಂಶ ಇದೆ. ಆದರೆ ಅದೇ ಪೆಟ್ರೋಲ್ ಹಾವನೂರು ಸರ್ಕಲ್ಲಿನಲ್ಲಿ ಯಾಕೆ ತಕರಾರು ಮಾಡುವುದಿಲ್ಲ ಎಂದು ಕೇಳಿದರೆ ಅವರು ಕೇಂದ್ರ ಸರ್ಕಾರದ ನೀತಿಯ ಕಡೆಗೆ ಮಾತು ಹೊರಳಿಸುತ್ತಾರೆ.

ಎಲ್ಲರಿಗಿಂತ ಅಪಾಯಕಾರಿ ಮಹಡಿ ಮೇಲಿನ ಹುಡುಗ. “ಅಂಕಲ್, ಬ್ಯಾಟರಿ ಟರ್ಮಿನಲ್ ತೆಗೆದು ಹತ್ತು ನಿಮಿಷ ಬಿಟ್ಟು ಹಾಕಿ, ರೀಸೆಟ್ ಆಗುತ್ತೆ.” ಆಗುವುದೇನೋ ನಿಜ. ಅನೇಕ ಕಾರುಗಳಲ್ಲಿ ಬ್ಯಾಟರಿ ಕಳಚಿದೊಡನೆ, ಎಂಜಿನ್ನಿನ ಕಂಪ್ಯೂಟರ್ ಬರೆದಿಟ್ಟುಕೊಂಡ ದೋಷದ ದಾಖಲೆಯೆಲ್ಲ ಅಳಿಸಿಹೋಗುತ್ತದೆ. ಕಾಯಿಲೆ ಉಳಿಯುತ್ತದೆ, ಸಾಕ್ಷ್ಯ ಮಾತ್ರ ನಾಶ.

ಯಜಮಾನರ ತಾಯಿಯದು ನೇರ ಪರಿಹಾರ: ಮೈಸೂರು ರಸ್ತೆಯ ಗಾಳಿ ಆಂಜನೇಯನ ಗುಡಿಗೆ ಹೋಗಿ ಗಾಡಿ ಪೂಜೆ ಮಾಡಿಸಿ, ಚಕ್ರದಡಿ ನಿಂಬೆಹಣ್ಣು ಇಟ್ಟು ಬರುವುದು. ಹೊಸ ಗಾಡಿ ಕೊಂಡವರು ಸಾಲುಗಟ್ಟಿ ಬರುವ ಗುಡಿ ಅದು. ಗುಡಿ ನಾಯಂಡಹಳ್ಳಿಗಿಂತ ಮೊದಲೇ ಸಿಗುವಂತಿದ್ದರೆ ಒಳ್ಳೆಯದಿತ್ತು. ಬಸವೇಶ್ವರನಗರದಿಂದ ರಿಂಗ್ ರೋಡ್ ಹಿಡಿದರೆ ಅದು ಸಿಗುವುದೇ ಇಲ್ಲ. ಆದರೂ ಸಲಹೆಯನ್ನು ತಳ್ಳಿಹಾಕುವಂತಿಲ್ಲ, ಎಂಜಿನ್ನಿಗೆ ಬೇಕಾದ ಮೂರರಲ್ಲಿ ಗಾಳಿಯೂ ಒಂದು. ಒಂದು ಕಿಲೋ ಪೆಟ್ರೋಲ್ ಹದವಾಗಿ ಉರಿಯಲು 14.7 ಕಿಲೋ ಗಾಳಿ ಬೇಕು. ಇನ್ನೆರಡು ಪೆಟ್ರೋಲ್ ಮತ್ತು ಕಿಡಿ. ನಿಮಿಷಕ್ಕೆ 3,000 ಸುತ್ತು ತಿರುಗುವ ನಾಲ್ಕು ಸಿಲಿಂಡರಿನ ಎಂಜಿನ್ನಿನಲ್ಲಿ ಸೆಕೆಂಡಿಗೆ ನೂರು ಕಿಡಿ ಹಾರುತ್ತವೆ, ಒಂದೊಂದೂ ಹೇಳಿದ ಹೊತ್ತಿಗೇ ಹಾರಬೇಕು. ಬೆಂಗಳೂರಿನಲ್ಲಿ ಇನ್ನಾವುದೂ ಇಷ್ಟು ಸಮಯ ಪಾಲನೆ ಮಾಡುವುದಿಲ್ಲ.

ಬೀದಿಯ ವೈದ್ಯರೆಲ್ಲ ಕೇಳುವುದು “ಏನಾಗುತ್ತೆ?” ಎಂದು. ಅದಕ್ಕೆ ಉತ್ತರ ಯಾವಾಗಲೂ ಒಂದೇ: ನಿಲ್ಲುತ್ತೆ. ಬಾನೆಟ್ಟಿಗೆ ಕೈ ಹಾಕುವ ಮೊದಲು “ಯಾವಾಗ ಆಗುತ್ತೆ?” ಎಂದು ಕೇಳುವ ಮೆಕ್ಯಾನಿಕ್ ಸಿಕ್ಕರೆ ಅರ್ಧ ರಿಪೇರಿ ಆದಂತೆಯೇ. ಈ ಪ್ರಶ್ನೆಗೆ ಪಶ್ಚಿಮ ಬೆಂಗಳೂರಿನಷ್ಟು ಅನುಕೂಲದ ಪ್ರಯೋಗಶಾಲೆ ಬೇರೆ ಇಲ್ಲ, ಯಾಕೆಂದರೆ ಇಲ್ಲಿ ಒಂದೊಂದು ರಸ್ತೆ ಒಂದೊಂದು ದೋಷವನ್ನು ಹೊರಗೆಳೆಯುತ್ತದೆ. ಮಹಾಲಕ್ಷ್ಮಿ ಲೇಔಟಿನ ಏರಿನಲ್ಲಿ ಮಾತ್ರ ಗಾಡಿ ತಿಣುಕಿದರೆ ಫ್ಯುಯೆಲ್ ಪಂಪು ಸೋತಿದೆ, ಇಲ್ಲವೇ ಫಿಲ್ಟರ್ ಕಟ್ಟಿದೆ. ಸಮನೆಲದಲ್ಲಿ ಸಾಲುವ ಪೆಟ್ರೋಲ್ ಏರಿನಲ್ಲಿ ಸಾಲುವುದಿಲ್ಲ. ಕೆಂಗೇರಿ ದಾಟಿ ಮೈಸೂರು ಹೆದ್ದಾರಿಯ ಓಟದಲ್ಲಿ ಮಾತ್ರ ಎಳೆತ ತಪ್ಪಿದರೂ ಅನುಮಾನ ಪಂಪು, ಫಿಲ್ಟರುಗಳ ಮೇಲೇ. ಸುಮನಹಳ್ಳಿಯ ಆಸುಪಾಸಿನ ಗುಂಡಿಗೆ ಇಳಿದಾಗ ಎಂಜಿನ್ ಒಮ್ಮೆ ಮುಗ್ಗರಿಸಿದರೆ ಎಲ್ಲೋ ಕನೆಕ್ಟರ್ ಸಡಿಲ, ಇಲ್ಲವೇ ಅರ್ಥಿಂಗ್ ಸರಿಯಿಲ್ಲ. ವಿಜಯನಗರದ ಸಿಗ್ನಲ್ಲಿನಲ್ಲಿ ಎಸಿ ಹಾಕಿದ ಕೂಡಲೇ ಐಡ್ಲಿಂಗ್ ಕುಸಿದರೆ ಥ್ರಾಟಲ್ಲಿನಲ್ಲಿ ಕಾರ್ಬನ್ ಕಟ್ಟಿದೆ. ಮಾಗಡಿ ರಸ್ತೆಯ ಜಾಮಿನಲ್ಲಿ ಅರ್ಧ ಗಂಟೆ ಬೆಂದ ಮೇಲೆ ನಿಂತರೆ, ಅದು ಶಾಖದ ಕೆಲಸ.

ಮಳೆ ಬಂದಾಗ ಮಾತ್ರ ಮಿಸ್ಸಿಂಗ್ ಹೊಡೆಯುವ ಹಳೇ ಗಾಡಿಗಳಿಗೆ ಒಂದು ಸೊಗಸಾದ ಪರೀಕ್ಷೆಯಿದೆ. ರಾತ್ರಿ ಗ್ಯಾರೇಜಿನ ದೀಪ ಆರಿಸಿ, ಎಂಜಿನ್ ಓಡುತ್ತಿರುವಾಗ ಇಸ್ತ್ರಿ ಅಂಗಡಿಯವರು ಬಟ್ಟೆಗೆ ಚಿಮುಕಿಸುವ ಸ್ಪ್ರೇ ಬಾಟಲಿಯಿಂದ ಪ್ಲಗ್ ವೈರುಗಳ ಮೇಲೆ ನೀರು ಹಾಯಿಸುತ್ತಾರೆ. ವೈರಿನ ಸಿಪ್ಪೆ ಬಿರುಕು ಬಿಟ್ಟ ಕಡೆ ನೀಲಿ ಕಿಡಿ ಚಟಚಟನೆ ಹೊರಗೆ ಹಾರಿ ಲೋಹದ ಮೈಗೆ ತಾಗುತ್ತದೆ, ಎಂಜಿನ್ ಬಿಕ್ಕುತ್ತದೆ. ಹತ್ತಾರು ಸಾವಿರ ವೋಲ್ಟಿನ ವಿಷಯ, ಆ ಹೊತ್ತಿನಲ್ಲಿ ಯಜಮಾನರು ಬೆರಳು ಚಾಚಿ “ಇಲ್ಲೇ ಅಲ್ವೇನಪ್ಪ?” ಎಂದು ತೋರಿಸಲು ಹೋಗಬಾರದು ಅಷ್ಟೇ.

ಇಲಿಯದು ಇನ್ನೊಂದು ಕಥೆ. ನಿಂತ ಕಾರಿನ ಬಾನೆಟ್ಟಿನೊಳಗಿನ ಬೆಚ್ಚಗಿನ ಜಾಗ ಅದಕ್ಕೆ ಬಹಳ ಪ್ರೀತಿ. ವೈರನ್ನು ಪೂರ್ತಿ ಕಡಿದುಹಾಕಿದರೆ ಉಪಕಾರ. ಅದು ಅರ್ಧ ಮಾತ್ರ ಕಡಿದು, ಉಳಿದ ನಾಲ್ಕು ಎಳೆ ಅಲುಗಾಡಿದಾಗೊಮ್ಮೆ ಸೇರುತ್ತ, ಅಲುಗಾಡಿದಾಗೊಮ್ಮೆ ಬಿಡುತ್ತ ಇರುವಂತೆ ಬಿಟ್ಟುಹೋಗುತ್ತದೆ. ಗಣಪತಿಯ ವಾಹನಕ್ಕೆ ನಮ್ಮ ವಾಹನದ ಮೇಲೆ ಯಾಕಿಷ್ಟು ಹೊಟ್ಟೆಕಿಚ್ಚೋ.

ಇತ್ತ ನಮ್ಮ ಯಜಮಾನರ ಮನೆಯಲ್ಲಿ “ಯಾವಾಗ?” ಎಂಬುದಕ್ಕೆ ಉತ್ತರ ಮೊದಲಿನಿಂದಲೂ ಇತ್ತು. “ನಮ್ಮ ಅಪ್ಪನ ಮನೆಗೆ ಹೋಗುವಾಗ ಮಾತ್ರ ನಿಲ್ಲುತ್ತೆ ರೀ ಇದು” ಎಂದು ಯಜಮಾನತಿ ಹೇಳುತ್ತಲೇ ಬಂದಿದ್ದರು. ಯಜಮಾನರು ಅದನ್ನು ಆರೋಪ ಎಂದುಕೊಂಡರು. ಅದು ದತ್ತಾಂಶವಾಗಿತ್ತು. ತವರುಮನೆ ಇರುವುದು ಕೆಂಗೇರಿಯಲ್ಲಿ; ಆ ಕಾರಿಗೆ ಸಿಗುವ ಒಂದೇ ಉದ್ದನೆಯ ಓಟ ಅದು. ಮಾಗಡಿ ರಸ್ತೆ, ಸುಮನಹಳ್ಳಿ, ನಾಗರಭಾವಿಯ ರಿಂಗ್ ರೋಡ್ ಎಲ್ಲ ತೆವಳಿ, ನಾಯಂಡಹಳ್ಳಿ ಸೇರುವ ಹೊತ್ತಿಗೆ ಎಂಜಿನ್ನಿನ ಮೈ ಪೂರ್ತಿ ಕಾದಿರುತ್ತದೆ. ನೆತ್ತಿಯ ಮೇಲೆ 2021ರಲ್ಲಿ ಕೆಂಗೇರಿ ತಲುಪಿದ ನೇರಳೆ ಮಾರ್ಗದ ಮೆಟ್ರೊ ತಣ್ಣಗೆ ಸಾಗುತ್ತಿರುತ್ತದೆ. “ವಿಜಯನಗರದಲ್ಲಿ ಹತ್ತಿದ್ದರೆ ಇಷ್ಟು ಹೊತ್ತಿಗೆ ಅಮ್ಮನ ಕಾಫಿ ಕುಡೀತಿದ್ದೆ” ಎಂಬ ಮಾತಿಗೆ ಬಾನೆಟ್ಟಿನಡಿ ತಲೆ ತೂರಿಸಿದವರು ಉತ್ತರ ಕೊಡಬೇಕಿಲ್ಲ, ಅದೊಂದು ಅನುಕೂಲ.

ಕಡೆಗೆ ಕಾಮಾಕ್ಷಿಪಾಳ್ಯದ ಕಡೆಯ ಒಬ್ಬ ಹುಡುಗ ಸ್ಕ್ಯಾನರ್ ಹಾಕಿದ. ಭಾರತದಲ್ಲಿ 2013ರ ಏಪ್ರಿಲ್‌ನಿಂದ ಕಾರುಗಳಿಗೆ ಒಬಿಡಿ-2 ಕಡ್ಡಾಯವಾಗಿದೆ. ಸ್ಟೀರಿಂಗಿನ ಕೆಳಗಿನ ಹದಿನಾರು ಪಿನ್ನಿನ ಸಾಕೆಟ್ಟಿಗೆ ಸಿಕ್ಕಿಸಿದರೆ ಗಾಡಿ ತನ್ನ ನೋವು ಹೇಳಿಕೊಳ್ಳುತ್ತದೆ. ಬಂದ ಕೋಡ್ ಪಿ0335. ಎಂಜಿನ್ನಿನ ಸುತ್ತು ಗಮನಿಸಿ ಕಿಡಿಯ ಹೊತ್ತನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ಸರ್ಕ್ಯೂಟಿನಲ್ಲಿ ತೊಂದರೆ ಎಂದು ಅದರ ಅರ್ಥ. ಸೆನ್ಸರೇ ಹೋಗಿದೆ ಎಂದಲ್ಲ; ವೈರಿರಬಹುದು, ಕನೆಕ್ಟರ್ ಇರಬಹುದು. ಕೋಡ್ ಎಂಬುದು ಮೇನ್, ಕ್ರಾಸ್ ಬಿಟ್ಟು ಬರೀ “ರಾಜಾಜಿನಗರ ಎರಡನೇ ಬ್ಲಾಕ್” ಎಂದು ಬರೆದ ವಿಳಾಸ. ಅಷ್ಟಕ್ಕೇ ಸೆನ್ಸರ್ ಬದಲಿಸಿ ಬಿಲ್ಲು ಕೊಡುವವರು ಬಹಳ ಮಂದಿ ಇದ್ದಾರೆ. ಈ ಹುಡುಗ ಹಾಗೆ ಮಾಡಲಿಲ್ಲ. ಕೋಡಿನ ಜತೆಗೆ ದಾಖಲಾಗಿದ್ದ ಫ್ರೀಜ್ ಫ್ರೇಮ್ ತೆರೆದ. ಕೋಡ್ ಬಿದ್ದ ಗಳಿಗೆಯಲ್ಲಿ ಕೂಲಂಟಿನ ಶಾಖ ಎಷ್ಟು, ಎಂಜಿನ್ ಎಷ್ಟು ಸುತ್ತುತ್ತಿತ್ತು, ಗಾಡಿಯ ವೇಗ ಎಷ್ಟು, ಎಲ್ಲ ಅಲ್ಲಿತ್ತು: ಎಂಜಿನ್ ಕಾದಿತ್ತು, ಗಾಡಿ ತೆವಳುತ್ತಿತ್ತು. ಯಜಮಾನತಿಯ ಹೇಳಿಕೆಯನ್ನೇ ಕಂಪ್ಯೂಟರ್ ಬೇರೆ ಭಾಷೆಯಲ್ಲಿ ಬರೆದಿತ್ತು.

“ಮನೇಲಿ ಹೇರ್ ಡ್ರೈಯರ್ ಇದೆಯಾ ಮೇಡಂ?” ಎಂದ. ಎಂಜಿನ್ ಓಡುತ್ತಿರುವಾಗಲೇ ಕೆಳಗಿನಿಂದ ಕೈ ತೂರಿಸಿ, ಹೆಬ್ಬೆರಳಿನಷ್ಟಿದ್ದ ಆ ಕಪ್ಪು ಸೆನ್ಸರಿಗೆ ಬಿಸಿಗಾಳಿ ಹಿಡಿದ. ಕೊಂಚ ಹೊತ್ತಿಗೆ ಎಂಜಿನ್ ನಾಯಂಡಹಳ್ಳಿಯಲ್ಲಿ ನಿಂತ ಹಾಗೇ ನಿಂತಿತು. ಕನೆಕ್ಟರ್ ಕಳಚಿ ಮೀಟರ್ ಇಟ್ಟರೆ ಓಪನ್, ಅಂದರೆ ಒಳಗೆ ಸಂಪರ್ಕ ಕಡಿದಿದೆ. ಒದ್ದೆ ಬಟ್ಟೆ ಸುತ್ತಿ ತಣಿಸಿದ ಮೇಲೆ ಮೀಟರಿನಲ್ಲಿ ಓಮಿನ ಅಂಕಿ ಮರಳಿ ಮೂಡಿತು, ಗಾಡಿ ಸ್ಟಾರ್ಟ್ ಆಯಿತು. ಒಳಗಿನ ತಂತಿಯ ಸುರುಳಿಯಲ್ಲಿ ಕೂದಲೆಳೆಯಂಥ ಬಿರುಕು. ಕಾದಾಗ ಬಿಡುತ್ತದೆ, ಆರಿದಾಗ ಕೂಡುತ್ತದೆ. ಮೆಕ್ಯಾನಿಕ್ ಟ್ರಾಫಿಕ್ ದಾಟಿ ಬರುವಷ್ಟು ಹೊತ್ತು ಅದಕ್ಕೆ ಆರಿಕೊಳ್ಳಲು ಧಾರಾಳ ಸಾಕಾಗಿತ್ತು.

ಇಂಥದ್ದೆಲ್ಲ ನಮ್ಮ ಗಲ್ಲಿ ಗ್ಯಾರೇಜಿನ ಗೋಳು ಎಂದುಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ಜನರಲ್ ಮೋಟರ್ಸ್ ಕಂಪನಿಯ ಕೆಲವು ಕಾರುಗಳು ಓಡುತ್ತಿರುವಾಗಲೇ ಒಮ್ಮೊಮ್ಮೆ ಆಫ್ ಆಗುತ್ತಿದ್ದವು. ಕೀ ತಿರುಗಿಸುವ ಇಗ್ನಿಷನ್ ಸ್ವಿಚ್ಚಿನ ಬಿಗಿ ಸಾಲದು; ಮೊಣಕಾಲು ತಾಗಿದರೆ, ಕೀಗೊಂಚಲು ಭಾರವಿದ್ದರೆ, ರಸ್ತೆ ಕುಲುಕಿದರೆ ಅದು ತಾನೇ ಹಿಂದಕ್ಕೆ ಹೊರಳುತ್ತಿತ್ತು. ಎಂಜಿನ್ನಿನ ಜತೆಗೆ ಏರ್‌ಬ್ಯಾಗೂ ನಿಷ್ಕ್ರಿಯ. ಕಂಪನಿ ಮುಂದೆ ಸ್ವಿಚ್ಚನ್ನು ತಿದ್ದಿತು, ಪಾರ್ಟ್ ನಂಬರ್ ಮಾತ್ರ ಬದಲಿಸಲಿಲ್ಲ. ಹಾಗಾಗಿ ಹಳತೂ ಹೊಸತೂ ಕಾಗದದ ಮೇಲೆ ಒಂದೇ ಆಗಿ, ತನಿಖೆ ಮಾಡಿದವರಿಗೆ ವ್ಯತ್ಯಾಸವೇ ತಿಳಿಯದಾಯಿತು. ಅಂಥ ಕಾರಿನ ಅಪಘಾತದಲ್ಲಿ ಮೃತಳಾದವಳೊಬ್ಬಳ ತಂದೆತಾಯಿಯ ವಕೀಲರು ನೇಮಿಸಿದ ಎಂಜಿನಿಯರ್ ಎರಡೂ ಸ್ವಿಚ್ಚು ಬಿಚ್ಚಿ ಅಕ್ಕಪಕ್ಕ ಇಟ್ಟು ಅಳೆದಾಗ ಗುಟ್ಟು ಬಯಲಾಯಿತು. 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನು ವಾಪಸು ಕರೆಸಬೇಕಾಯಿತು. ಕಂಪನಿಯ ಪರಿಹಾರ ನಿಧಿ ಒಪ್ಪಿಕೊಂಡ ಸಾವುಗಳು 124. ಅಷ್ಟು ದಿನ ಚಾಲಕರ ಮೇಲೂ ಅನುಮಾನದ ನೋಟ ಬಿದ್ದದ್ದುಂಟು.

ಈ ಸುದ್ದಿ ಓದಿದಂದಿನಿಂದ ಯಜಮಾನರು ಕಾರಿನ ಕೀಗೊಂಚಲಿನಿಂದ ಗಾಡ್ರೇಜ್ ಬೀರು, ಟೆರೇಸು, ನೀರಿನ ಮೋಟರು, ಗೇಟಿನ ಬೀಗ, ಈಗಾಗಲೇ ಮಾರಿದ ಸ್ಕೂಟರು, ಇವುಗಳ ಕೀಗಳನ್ನೆಲ್ಲ ಬಿಡಿಸಿಟ್ಟಿದ್ದಾರೆ. ಡ್ಯಾಶ್‌ಬೋರ್ಡಿನಲ್ಲಿ ಒಂದು ನೋಟ್‌ಬುಕ್ಕೂ ಬಂದಿದೆ. ರಸ್ತೆ, ಹೊತ್ತು, ಎಸಿ ಇತ್ತೋ ಇಲ್ಲವೋ, ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟು ಎಂಬ ಕಾಲಮುಗಳು. ಬರೆಯುವುದು ಪಕ್ಕದ ಸೀಟಿನವರ ಕೆಲಸ. ಸೆನ್ಸರ್ ಬದಲಾದ ಮೇಲೆ ಎಂಜಿನ್ ನಿಂತಿಲ್ಲ. ಮೊನ್ನೆಯ ನಮೂದು ಬೇರೆಯೇ ಇದೆ: “ಬೆಳಗ್ಗೆ ಹೊತ್ತು. ಮೊದಲನೇ ಗೇರಿಗೆ ಕ್ಲಚ್ ಒತ್ತಿದಾಗ ಕುಂಯ್ ಅನ್ನುತ್ತೆ. ಇವರಿಗೆ ಕೇಳಿಸೋದಿಲ್ಲವಂತೆ.”