ಸ್ವಲ್ಪ ಮೆಲ್ಲಗೆ ಊದಿ, ಭಾವ!

ದಕ್ಷಿಣ ಕನ್ನಡದ ಯಾವ ಮದುವೆ ಹಾಲ್‌ಗೆ ಬೇಕಾದರೂ ಹೋಗಿ ನೋಡಿ. ಮಂಟಪದ ಪಕ್ಕದಲ್ಲಿ ಡೋಲಿನವರ ಜೊತೆ ಒಬ್ಬರು ಸ್ಯಾಕ್ಸೋಫೋನನ್ನು ಕೊರಳಿಗೆ ತೂಗುಹಾಕಿಕೊಂಡು ಕೂತಿರುತ್ತಾರೆ. ಮೊದಲ ಪಂಕ್ತಿ ಏಳುವುದನ್ನೇ ಕಾಯುತ್ತಿರುವ ಗಂಡಸರು ಬೇರೆ ಕೆಲಸವಿಲ್ಲದೆ ಅವರನ್ನೇ ನೋಡುತ್ತಿರುತ್ತಾರೆ. ಆ ಗಂಡಸರಲ್ಲಿ ಐವತ್ತೈದು ದಾಟಿದ ಒಬ್ಬರಿಗಾದರೂ ‘ಇದೇನು ಮಹಾ, ಕೂತರೆ ನಾನೂ ಕಲಿತೇನು’ ಎಂದು ಅನಿಸದೆ ಇರುವುದಿಲ್ಲ. ಪಾಯಸ ಬಡಿಸುವ ಹೊತ್ತಿಗೆ ಹೆಚ್ಚಿನವರಿಗೆ ಅದು ಮರೆತುಹೋಗುತ್ತದೆ. ನಮ್ಮ ಭಾವನಿಗೆ ಮರೆತುಹೋಗಲಿಲ್ಲ.

ಭಾವ ಬ್ಯಾಂಕಿನಲ್ಲಿದ್ದು ನಿವೃತ್ತರಾದವರು. ಒಂದು ರೂಪಾಯಿ ತಾಳೆಯಾಗದಿದ್ದರೆ ಇಡೀ ಶಾಖೆಯನ್ನು ರಾತ್ರಿವರೆಗೆ ಕೂರಿಸುತ್ತಿದ್ದ ಮನುಷ್ಯ. ಅಂಥವರು ಫೋನ್ ಮಾಡಿ, “ಮಾರಾಯ, ಸ್ಟೂಡೆಂಟ್ ಸ್ಯಾಕ್ಸೋಫೋನ್ ಅಂತ ಒಂದು ಬರ್ತದಂತೆ, ನಿನಗೆ ಗೊತ್ತುಂಟಾ?” ಎಂದು ಕೇಳಿದರು.

“ಸ್ಟೂಡೆಂಟ್ ಯಾರು ಭಾವ, ಮೊಮ್ಮಗನಾ?”

“ಅವನಿಗೆ ಪರೀಕ್ಷೆ ಉಂಟು. ನಾನೇ.”

ಹಿಂದಿನಿಂದ ಅಕ್ಕನ ಸ್ವರ ಕೇಳಿಸಿತು: “ಇವರಿಗೆ ದೇವರ ಕೋಣೆಯ ಶಂಖ ಊದಲಿಕ್ಕೇ ಬರುವುದಿಲ್ಲ. ಸ್ವಲ್ಪ ಬುದ್ಧಿ ಹೇಳು!”

ಬುದ್ಧಿ ಹೇಳುವುದು ಯಾರಿಗೆ? ಇದು ಭಾವನೊಬ್ಬರ ಹುಚ್ಚಲ್ಲ, ಇಡೀ ಊರಿನದು. ಇದರ ಮೂಲಪುರುಷರು ಕದ್ರಿ ಗೋಪಾಲನಾಥರು. ಬಂಟ್ವಾಳ ತಾಲೂಕಿನ ಸಜೀಪಮೂಡದ ಹುಡುಗ, ತಂದೆ ತನಿಯಪ್ಪನವರು ನಾಗಸ್ವರದವರು. ಮನೆಯ ನಾಗಸ್ವರವನ್ನೇ ಊದಿಕೊಂಡು ಇರಬೇಕಾಗಿದ್ದ ಹುಡುಗ ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮರುಳಾದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಆಮೇಲೆ ಮದರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ವರ್ಷಗಟ್ಟಲೆ ಕಲಿತರು. ಗಮಕ ಹೊರಡಿಸಲು ವಾದ್ಯದ ಅಂಗಾಂಗಗಳನ್ನೇ ತಮಗೆ ಬೇಕಾದಂತೆ ಬದಲಿಸಿಕೊಂಡರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಬಿಬಿಸಿಯವರ ಪ್ರಾಮ್ಸ್ ಸಂಗೀತೋತ್ಸವದಲ್ಲಿ ನುಡಿಸಿದರು. ಅದೇ ವರ್ಷ ಬಂದ ತಮಿಳಿನ ‘ಡ್ಯುಯೆಟ್’ ಸಿನಿಮಾದಲ್ಲಿ ಎ.ಆರ್. ರೆಹಮಾನ್ ಅವರಿಗಾಗಿ ಊದಿ ಮನೆಮನೆಗೂ ಕೇಳಿಸಿದರು. 2004ರಲ್ಲಿ ಪದ್ಮಶ್ರೀ ಬಂತು. 2019ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕರಾವಳಿಯ ದೇವಸ್ಥಾನ, ಮದುವೆ, ಭೂತದ ನೇಮ ಎಲ್ಲ ಕಡೆ ಈ ಫಿರಂಗಿ ವಾದ್ಯ ಮನೆಯ ಮಗನ ಹಾಗೆ ಓಡಾಡುತ್ತಿತ್ತು.

ಈ ಕಥೆಯಲ್ಲಿ ಭಾವ ಹಿಡಿದುಕೊಂಡದ್ದು ‘ಬ್ಯಾಂಡಿನಲ್ಲಿ ಕೇಳಿ ಮರುಳಾದರು’ ಎಂಬ ಒಂದೇ ವಾಕ್ಯ. ‘ವರ್ಷಗಟ್ಟಲೆ’ ಎಂಬ ಮಾತು ಅವರ ಕಿವಿಗೆ ಬೀಳಲೇ ಇಲ್ಲ.

ಅವರನ್ನು ಹೆದರಿಸೋಣ ಎಂದು ವಾದ್ಯದ ಜಾತಕವನ್ನೂ ಬಿಚ್ಚಿಟ್ಟೆ. “ಬೆಲ್ಜಿಯಂನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬವನು ಇದನ್ನು ಮಾಡಿದ್ದು. 1846ರಲ್ಲಿ ಪ್ಯಾರಿಸ್ಸಿನಲ್ಲಿ ಪೇಟೆಂಟ್ ತೆಗೆದುಕೊಂಡ. ಬಯಲಿನಲ್ಲಿ ನಿಂತ ಸೈನಿಕರಿಗೆಲ್ಲ ಕೇಳಿಸಬೇಕು ಎಂದು ಫ್ರಾನ್ಸಿನ ಸೈನ್ಯದ ಬ್ಯಾಂಡಿಗೆ ಸೇರಿಸಿದ ವಾದ್ಯ ಇದು. ನಿಮ್ಮದು ಎರಡು ಬೆಡ್‌ರೂಮಿನ ಫ್ಲ್ಯಾಟು ಭಾವ.” ಅದಕ್ಕೆ ಅವರು ಜಗ್ಗಲಿಲ್ಲ. ಆ ಮನುಷ್ಯ ಒಂದಕ್ಕಿಂತ ಹೆಚ್ಚು ಸಲ ದಿವಾಳಿಯಾದ ಎಂದಾಗ ಮಾತ್ರ ಎದ್ದು ಕೂತರು. “ಒಮ್ಮೆ ದಿವಾಳಿಯಾದವನಿಗೆ ಮತ್ತೆ ಸಾಲ ಮಂಜೂರು ಮಾಡಿದ್ದು ಯಾವ ಮ್ಯಾನೇಜರು?” ಎಂದು ಕೇಳಿದರು. ಬ್ಯಾಂಕಿನವರನ್ನು ಹೆದರಿಸಲು ಇತಿಹಾಸದಿಂದ ಆಗುವುದಿಲ್ಲ.

ಇನ್ನು ಖರೀದಿ. ಭಾವನಿಗೆ ಮೊದಲು ಕಣ್ಣು ಬಿದ್ದದ್ದು ಸೊಪ್ರಾನೊ ಎಂಬ ಬಗೆಯ ಸ್ಯಾಕ್ಸೋಫೋನಿನ ಮೇಲೆ. ನೆಟ್ಟಗೆ, ಸಣ್ಣಗೆ, ನೋಡಲಿಕ್ಕೆ ನಾಗಸ್ವರದ ತಮ್ಮ. “ಸಣ್ಣದಲ್ಲವಾ, ಸುಲಭ ಇರ್ತದೆ” ಎಂದು ಅವರ ತರ್ಕ. ಸಂಗತಿ ಉಲ್ಟಾ. ಸೊಪ್ರಾನೊದಲ್ಲಿ ತುಟಿ ಕೂದಲೆಳೆಯಷ್ಟು ಸಡಿಲವಾದರೂ ಶ್ರುತಿ ಜಾರುತ್ತದೆ. ಟೆನರ್ ದೊಡ್ಡದು, ಉಸಿರೂ ಹೆಚ್ಚು ಬೇಕು. ಹೊಸಬರಿಗೆ ಇವೆರಡರ ನಡುವಿನ ಆಲ್ಟೊ ಸರಿ. ಅದನ್ನೇ ಕದ್ರಿಯವರೂ ನುಡಿಸಿದ್ದು ಎಂದ ಮೇಲೆ ಚರ್ಚೆ ಮುಗಿಯಿತು.

ಆಲ್ಟೊದಲ್ಲೂ ಮಾಯೆ ಉಂಟು. ಫೋನಿನಲ್ಲಿ ಹುಡುಕಿದರೆ ಕೆಂಪು, ನೀಲಿ, ಕಪ್ಪು, ಹಸಿರು ಬಣ್ಣದ ಸ್ಯಾಕ್ಸೋಫೋನುಗಳು ಬರುತ್ತವೆ. ಜೊತೆಗೆ ಪೆಟ್ಟಿಗೆ, ಬಿಳಿ ಕೈಗವಸು, ಒರೆಸುವ ಬಟ್ಟೆ ಎಲ್ಲ ಉಚಿತ. ಬೆಲೆ ಒಂದು ಸಾಧಾರಣ ಮೊಬೈಲಿನಷ್ಟೇ. ಕೈಗವಸು ಕೊಡುವುದು ಯಾಕೆ ಎಂದು ಭಾವ ಕೇಳಿದರು. ಬಹುಶಃ ವಾದ್ಯದ ಮೇಲೆ ಬೆರಳಚ್ಚು ಉಳಿಯಬಾರದು ಎಂದು! ತೀರಾ ಅಗ್ಗದವುಗಳಲ್ಲಿ ಲೋಹ ಮೆತ್ತಗಿರುತ್ತದೆ. ಕೀಲಿಗಳನ್ನು ಹೊತ್ತ ಸರಳು ಸ್ವಲ್ಪ ಬಾಗಿದರೆ ಸಾಕು, ತೂತಿನ ಮೇಲೆ ಪ್ಯಾಡು ಸರಿಯಾಗಿ ಕೂರುವುದಿಲ್ಲ. ಪ್ಯಾಡು ಕೂರದಿದ್ದರೆ ಗಾಳಿ ಸೋರುತ್ತದೆ. ಗಾಳಿ ಸೋರಿದರೆ ಕೆಳಸ್ಥಾಯಿಯ ಸ್ವರ ಹೊರಡುವುದೇ ಇಲ್ಲ. ಕಲಿಯುವವನು ‘ನನಗೆ ವಿದ್ಯೆ ಒಲಿಯಲಿಲ್ಲ’ ಎಂದು ಅತ್ತುಕೊಳ್ಳುತ್ತಾನೆ. ರಿಪೇರಿಯವರ ಹತ್ತಿರ ಒಯ್ದರೆ ಅವರು ಅದನ್ನು ಮುಟ್ಟದೆ ದೂರದಿಂದಲೇ ಕೈಮುಗಿಯುತ್ತಾರೆ.

ಹೆಸರು ಮಾಡಿದ ಕಂಪನಿಗಳ ಸ್ಟೂಡೆಂಟ್ ಮಾಡೆಲ್ ಬೇರೆ. ಯಮಾಹಾದ ವೈಎಎಸ್-280 ಎಂಬುದು ಜಗತ್ತಿನ ಶಾಲಾ ಮಕ್ಕಳೆಲ್ಲ ಊದುವ ವಾದ್ಯ. ಬೆಲೆ ಮಾತ್ರ ನಮ್ಮಲ್ಲಿ ಲಕ್ಷದ ಗಡಿ ದಾಟಿ ಕೂತಿದೆ. ತೈವಾನಿನ ಜುಪಿಟರ್ ಕೂಡ ಮರ್ಯಾದಸ್ಥ. ಸ್ಟೂಡೆಂಟ್ ಎಂದರೆ ಕಳಪೆ ಎಂದಲ್ಲ, ಊದಿದರೆ ಸುಲಭಕ್ಕೆ ಸ್ವರ ಹೊರಡುವ, ಕೈಗೆ ಹೊಂದುವ, ಬಿದ್ದರೂ ಬದುಕುವ ಮಾಲು ಎಂದರ್ಥ. ‘ಲಕ್ಷ’ ಎಂಬ ಮಾತು ಕೇಳಿ ಅಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಳು. ಭಾವ ತಕ್ಷಣ “ಸೆಕೆಂಡ್ ಹ್ಯಾಂಡ್ ನೋಡುವ” ಎಂದರು.

ಸೆಕೆಂಡ್ ಹ್ಯಾಂಡ್ ನೋಡುವುದರಲ್ಲಿ ಭಾವನನ್ನು ಮೀರಿಸುವವರಿಲ್ಲ. ಅಡವಿಗೆ ಬಂದ ಬಂಗಾರ ಪರೀಕ್ಷಿಸಿದ ಅನುಭವ. ಮದುವೆಗಳಿಗೆ ಊದುವ ಕಲಾವಿದರೊಬ್ಬರನ್ನು ಗುರುವೆಂದು ಮೊದಲೇ ಗೊತ್ತುಮಾಡಿಕೊಂಡು ಅವರನ್ನೂ ಕರೆದೊಯ್ದದ್ದು ಮಾತ್ರ ನನ್ನ ಸಲಹೆ. ಗುರುಗಳು ವಾದ್ಯದ ಒಳಗೆ ಸಣ್ಣ ಲೈಟು ಬಿಟ್ಟು, ಕೀಲಿಗಳನ್ನು ಮೆಲ್ಲಗೆ ಮುಚ್ಚಿ, ಪ್ಯಾಡಿನ ಅಂಚಿನಿಂದ ಬೆಳಕು ಹೊರಗೆ ಬರುತ್ತದೆಯೋ ಎಂದು ನೋಡಿದರು. ಬೆಳಕು ಬಂದರೆ ಅಲ್ಲಿ ಗಾಳಿಯೂ ಸೋರುತ್ತದೆ. ಕತ್ತಿನ ಕೊಳವೆ ಜಜ್ಜಿದೆಯೋ, ಕೀಲಿ ಅಲ್ಲಾಡುತ್ತದೆಯೋ ನೋಡಿದರು. ಕಡೆಗೆ ಅತ್ಯಂತ ಕೆಳಗಿನ ಸ್ವರವನ್ನು ಮೆಲ್ಲಗೆ ಊದಿದರು. ಅದು ನಡುಗದೆ ಬಂತು. “ತಗೊಳ್ಳಿ ಸರ್” ಎಂದರು. ಜೋರಾಗಿ ಊದಿದರೆ ಒಡಕು ವಾದ್ಯವೂ ಕೂಗುತ್ತದೆ, ಮೆಲ್ಲಗೆ ಊದಿದಾಗ ಬಂಡವಾಳ ಬಯಲಾಗುತ್ತದೆ ಎಂದು ವಿವರಿಸಿದರು. ಈ ಮಾತು ವಾದ್ಯಕ್ಕೆ ಮಾತ್ರ ಅನ್ವಯ ಎಂದು ಆಗ ಭಾವ ತಿಳಿದಿದ್ದರು.

ಮುಂದಿನ ಜಗಳ ರೀಡಿನದು. ಮೈಯೆಲ್ಲ ಹಿತ್ತಾಳೆಯಾದರೂ ಈ ವಾದ್ಯ ಕ್ಲಾರಿನೆಟ್ಟಿನ ಬಳಗಕ್ಕೆ ಸೇರಿದ್ದು. ಮಾತಾಡುವುದು ಬಾಯಿಗಿಡುವ ಜಾಗದಲ್ಲಿ ಕಟ್ಟಿದ ಒಂದು ಚೂರು ಜೊಂಡು, ಅದೇ ರೀಡು. ಈ ಜೊಂಡಿಗೆ ದಕ್ಷಿಣ ಫ್ರಾನ್ಸಿನ ವಾರ್ ಸೀಮೆ ಹೆಸರುವಾಸಿ. ಗಡುಸಿನ ಪ್ರಕಾರ ನಂಬರು: ಒಂದೂವರೆ, ಎರಡು, ಎರಡೂವರೆ, ಮೂರು. ಹೊಸಬರಿಗೆ ಒಂದೂವರೆ ಅಥವಾ ಎರಡು ಸಾಕು. ಭಾವ ಮೂರನೇ ನಂಬರಿನ ಪೆಟ್ಟಿಗೆ ತಂದರು. ನಂಬರು ದೊಡ್ಡದಿದ್ದರೆ ವಿದ್ವಾಂಸನೂ ದೊಡ್ಡವನು ಎಂಬ ಲೆಕ್ಕ! ಊದಿದರು, ಮುಖ ಕೆಂಪಾಯಿತು, ಕಣ್ಣು ಹೊರಬಂತು, ವಾದ್ಯದಿಂದ ಗಾಳಿ ಮಾತ್ರ ಬಂತು. ಅಕ್ಕ ಬಿ.ಪಿ. ನೋಡುವ ಯಂತ್ರ ತಂದಳು. ಅದರಲ್ಲೂ ನಂಬರು ದೊಡ್ಡದೇ ಬಂತು. ಮಾರನೇ ದಿನ ಎರಡನೇ ನಂಬರಿನ ರೀಡು ಮನೆಗೆ ಬಂತು.

ಆಮೇಲೆ ಸ್ವರ ಹೊರಟಿತು. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಊರಿ, ಕೆಳಗಿನ ತುಟಿಯನ್ನು ಹಲ್ಲಿನ ಮೇಲೆ ಹಾಸಿ, ಬಾಯಿಯ ಅಂಚು ಬಿಗಿಹಿಡಿದು ಊದಿದ್ದೇ ತಡ, ಅಕ್ಕ ಬಾಲ್ಕನಿಗೆ ಓಡಿ ಬಂದು “ಪಣಂಬೂರು ಬಂದರಿಗೆ ಹಡಗು ಬಂತಾ?” ಎಂದು ಕೇಳಿದಳು. ಕೊಳಲಿಗೆ, ನಾಗಸ್ವರಕ್ಕೆ ಮೊದಲ ನಾದ ಬರಿಸಲು ಒದ್ದಾಡಬೇಕು. ಸ್ಯಾಕ್ಸೋಫೋನ್ ಮೊದಲ ವಾರವೇ ಕೂಗಿ, ಕಲಿತೇಬಿಟ್ಟೆ ಎಂಬ ಭ್ರಮೆಯನ್ನು ಉಚಿತವಾಗಿ ಕೊಡುತ್ತದೆ. ಅಗ್ಗದ ವಾದ್ಯದ ಜೊತೆ ಬರುವ ಕೈಗವಸಿಗಿಂತ ಇದು ಅಪಾಯಕಾರಿ.

ಗುರುಗಳು ಸರಳೆ ವರಸೆ ಶುರುಮಾಡಿದರು. ಮಾಯಾಮಾಳವಗೌಳ, ಮತ್ತೇನು! ವಾದ್ಯದ ಕೆಳಗಿನ ‘ಸಿ’ಯನ್ನು ಷಡ್ಜ ಮಾಡಿಕೊಂಡರೆ ಆಲ್ಟೊದಲ್ಲಿ ಅದು ಯಕ್ಷಗಾನದ ಭಾಗವತರು ಹೇಳುವ ‘ಕರಿ ಎರಡ’ರ ಶ್ರುತಿಯಲ್ಲಿ ಕೇಳುತ್ತದೆ. ಅಲ್ಲಿಯವರೆಗೆ ಚಂದ. ಆದರೆ ಆ ರಾಗದ ಶುದ್ಧ ರಿಷಭ ಬಂದು ಬೀಳುವುದು ಎಡಗೈಯ ಕಿರುಬೆರಳಿಗೆ. ಶುದ್ಧ ಧೈವತವೂ ಅದೇ ಕಿರುಬೆರಳಿಗೆ. ನಮ್ಮ ಹಿರಿಯರು ಮಕ್ಕಳಿಗೆ ಸುಲಭವಾಗಲಿ ಎಂದು ಆರಿಸಿದ ರಾಗ ಬೆಲ್ಜಿಯಂನವನ ಯಂತ್ರದಲ್ಲಿ ಕಿರುಬೆರಳಿನ ಗರಡಿಯಾಗಿಬಿಟ್ಟಿತು. ಇಷ್ಟು ವರ್ಷ ಚಹಾದ ಲೋಟ ಹಿಡಿಯುವಾಗ ಹೊರಗೆ ಚಾಚಿಕೊಂಡಿರುವುದೊಂದೇ ಕೆಲಸವಾಗಿದ್ದ ಬೆರಳು ಅದು.

ಸಾಲದ್ದಕ್ಕೆ ಒಂದು ದಿನ ಧೈವತವೇ ಮಾಯ. ಸ ರಿ ಗ ಮ ಪ ಪ ನಿ ಸ. ಎಷ್ಟು ಊದಿದರೂ ‘ದ’ ಇದ್ದಲ್ಲಿ ‘ಪ’ವೇ ಬರುತ್ತದೆ. ಸಂಗೀತ ಕಲಿಯದ ಅಕ್ಕನೂ, “ನಿಮ್ಮದು ಒಂದು ಸ್ವರ ತಾಳೆಯಾಗುವುದಿಲ್ಲ” ಎಂದಳು. ಬ್ಯಾಂಕಿನವರಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕೇ? ಆ ಕೀಲಿಯ ಪ್ಯಾಡು ಎಂಜಲಿನ ಪಸೆಗೆ ಅಂಟಿಕೊಳ್ಳುವುದು ಈ ವಾದ್ಯದ ಹುಟ್ಟುಗುಣ. ಅಂಟಿದರೆ ತೂತು ತೆರೆಯುವುದಿಲ್ಲ, ಪಂಚಮವೇ ಮುಂದುವರಿಯುತ್ತದೆ. ಹಿಂದಿನ ದಿನ ಭಾವ ಮದುವೆಯೊಂದರಲ್ಲಿ ಹೋಳಿಗೆ ಹೊಡೆದು, ಬಾಯಿ ಮುಕ್ಕಳಿಸದೆ ಊದಿದ್ದರು. ಪ್ಯಾಡಿನ ತೊಗಲಿಗೆ ಬೆಲ್ಲ ಅಂಟಿತ್ತು. ಅದರಡಿಗೆ ತೆಳು ಕಾಗದ ಇಟ್ಟು ಒತ್ತಿ ತೆಗೆಯಿರಿ ಎಂದರು ಗುರುಗಳು. ಭಾವ ಕಿಸೆಯಿಂದ ಗರಿಗರಿ ಹತ್ತು ರೂಪಾಯಿ ನೋಟು ತೆಗೆದು ಇಟ್ಟರು. ಧೈವತ ಹೊರಬಂತು. ನಮ್ಮ ಭಾವ ಲಂಚ ಕೊಟ್ಟು ಕೆಲಸ ಮಾಡಿಸಿಕೊಂಡದ್ದು ಅದೊಂದೇ ಸಲ.

ಮತ್ತೆ ಕೊರಳು ನೋವು. ಆಲ್ಟೊ ಎರಡೂವರೆ ಕಿಲೋದಷ್ಟು ತೂಗುತ್ತದೆ. “ಧಾರೆಯ ದಿನ ನಾನು ಹಾಕಿದ ಮಾಲೆ ಭಾರ ಅಂತ ಐದು ನಿಮಿಷಕ್ಕೆ ತೆಗೆದಿಟ್ಟವರು ಇವರು” ಎಂದು ಅಕ್ಕ ಹಳೇ ಬಾಕಿ ವಸೂಲಿಗೆ ಇಳಿದಳು. ಆಟಿ ತಿಂಗಳ ಮಳೆಗೆ ಪೆಟ್ಟಿಗೆಯೊಳಗೆ ಬೂಸ್ಟು ಬಂತು. ಊದಿದ ಮೇಲೆ ಒಳಗಿನ ನೀರು ಒರೆಸಬೇಕು, ರೀಡು ಬಿಚ್ಚಿ ಒಣಗಿಸಬೇಕು. ಸ್ನಾನವಾದ ಮೇಲೆ ತನ್ನ ಟವೆಲನ್ನೇ ಹಗ್ಗಕ್ಕೆ ಹಾಕದ ಗಂಡ ರೀಡನ್ನು ಮಗುವಿನ ಹಾಗೆ ಒರೆಸುವುದನ್ನು ಅಕ್ಕ ಕಣ್ಣಾರೆ ಕಂಡಳು. ಅದರ ಬಗ್ಗೆ ಅವಳು ಏನು ಹೇಳಿದಳು ಎಂಬುದನ್ನು ಇಲ್ಲಿ ಬರೆಯುವಂತಿಲ್ಲ.

ಈಗ ಭಾವ ಊದುತ್ತಿರುವುದು ಒಂದೇ ಸ್ವರ. ಗುರುಗಳ ಆಜ್ಞೆ. ಒಂದು ಉಸಿರು, ಒಂದು ಸ್ವರ. ಮೆಲ್ಲಗೆ ಶುರುಮಾಡಿ, ಏರಿಸಿ, ಮತ್ತೆ ಮೆಲ್ಲಗೆ ಇಳಿಸಬೇಕು, ನಡುವೆ ಅಲುಗಬಾರದು. ಏರಿಸುವುದು ಬರುತ್ತದೆ, ಇಳಿಸುವುದು ಬರುವುದಿಲ್ಲ. “ಕೀರ್ತನೆ ಯಾವಾಗ?” ಎಂದು ಭಾವ ಕೇಳಿದರೆ, “ಮೊದಲು ಪಕ್ಕದ ಮನೆಯವರಿಗೆ ಕೇಳದ ಹಾಗೆ ಊದಿ ಸರ್, ಆಮೇಲೆ ಅವರು ಕೇಳುವ ಹಾಗೆ ಊದುವ” ಎನ್ನುತ್ತಾರಂತೆ ಗುರುಗಳು. ಅರಚುವುದು ಈ ವಾದ್ಯಕ್ಕೆ ಹುಟ್ಟಿನಿಂದಲೇ ಬಂದದ್ದು. ಪಿಸುಗುಟ್ಟುವುದನ್ನು ಊದುವವನೇ ಕಲಿಸಬೇಕು. ಗಮಕ, ಕಲ್ಪನಾಸ್ವರ ಎಲ್ಲ ಆ ಮೇಲಿನ ಮಾತು.

ಆದ್ದರಿಂದ ಮದುವೆ ಮಂಟಪದಲ್ಲಿ ಆಸೆ ಹುಟ್ಟಿಸಿಕೊಂಡ ಮಹನೀಯರೇ, ಮೊದಲು ಗುರುವನ್ನು ಹುಡುಕಿ, ಆಮೇಲೆ ವಾದ್ಯ. ಬಣ್ಣ ನೋಡಿ ಕೊಳ್ಳಬೇಡಿ, ಬೆಳಕು ಬಿಟ್ಟು ನೋಡಿ ಕೊಳ್ಳಿ. ಹೋಳಿಗೆ ತಿಂದರೆ ಬಾಯಿ ತೊಳೆಯಿರಿ. ಇನ್ನು ಅವರ ನೆರೆಹೊರೆಯವರೇ, ನಿಮ್ಮಲ್ಲೂ ಒಂದು ವಿನಂತಿ. ಪಕ್ಕದ ಮನೆಗೆ ಉದ್ದನೆಯ ಕಪ್ಪು ಪೆಟ್ಟಿಗೆಯೊಂದು ಬಂದಿಳಿದರೆ ಸಂಘದ ಸೆಕ್ರೆಟರಿಗೆ ದೂರು ಕೊಡಲು ಓಡಬೇಡಿ. ಹೋಗಿ ಶುಭಾಶಯ ಹೇಳಿ, ಒಂದು ಪೆಟ್ಟಿಗೆ ರೀಡು ಉಡುಗೊರೆ ಕೊಟ್ಟು ಬನ್ನಿ. ನಂಬರು ಎರಡರದ್ದೇ ಇರಲಿ.