ಉಡದಾರ ಬಿಗಿಯಾದಾಗ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಯ ತಾಯಿ-ತಂದೆಯರಿಗೆ, ಹೈಸ್ಕೂಲು ಮಾಸ್ತರರಿಗೆ ಶರಣು.

ಮಗನ ಕುತ್ತಿಗೆಯ ಹಿಂದೆ ಚರ್ಮ ಕಪ್ಪಾಗಿ, ಮಖಮಲ್ಲಿನ ಹಾಗೆ ದಪ್ಪಗಾಗಿದ್ದರೆ ಕಡಲೆಹಿಟ್ಟು ಹಚ್ಚಿ ತಿಕ್ಕಬೇಡಿ. ಅದು ಸಿಮೆಂಟಿನ ಧೂಳಲ್ಲ, ಬಿಸಿಲಿನ ಕರಕೂ ಅಲ್ಲ. ಎಷ್ಟೋ ಮಕ್ಕಳಲ್ಲಿ ಅದು ರಕ್ತದಲ್ಲಿ ಇನ್ಸುಲಿನ್ ಏರಿರುವ ಗುರುತು. ಸಕ್ಕರೆ ಏರುವುದಕ್ಕೆ ಎಷ್ಟೋ ಮೊದಲೇ ಇನ್ಸುಲಿನ್ ಏರಿರುತ್ತದೆ.

ನಮ್ಮ ಕಡೆ ‘ಶುಗರ್ ಬ್ಯಾನಿ’ ಅಜ್ಜನಿಗೆ ಬರುವಂಥದ್ದು. ಹದಿಮೂರರ ಹುಡುಗನಿಗೆ ಹೊಟ್ಟೆ ಬಂದರೆ ‘ಮೈಕೈ ತುಂಬ್ಕೊಂಡಾನ’ ಎನ್ನುತ್ತೇವೆ. ಬರ ಕಂಡ ಸೀಮೆಯಲ್ಲಿ ಆ ಸಂತೋಷ ಸಹಜವೇ. ಆದರೆ 2016–18ರ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ದೇಶದ ಮಕ್ಕಳ ರಕ್ತ ತೆಗೆದು ನೋಡಿತು. ಹದಿಹರೆಯದವರಲ್ಲಿ ಹತ್ತಕ್ಕೆ ಒಬ್ಬರು ಮಧುಮೇಹದ ಹೊಸ್ತಿಲಲ್ಲಿದ್ದರು. ನೂರಕ್ಕೆ 16 ಮಂದಿಗೆ ಟ್ರೈಗ್ಲಿಸರೈಡ್ ಎನ್ನುವ ರಕ್ತದ ಕೊಬ್ಬು ಹೆಚ್ಚಿತ್ತು, 28 ಮಂದಿಗೆ ಒಳ್ಳೆಯ ಕೊಲೆಸ್ಟ್ರಾಲ್ ಎನ್ನುವ ಎಚ್‌ಡಿಎಲ್ ಕಡಿಮೆಯಿತ್ತು. ಅದೇ ಸಮೀಕ್ಷೆಯಲ್ಲಿ ನೂರು ಹುಡುಗಿಯರಲ್ಲಿ 40 ಮಂದಿಗೆ ರಕ್ತಹೀನತೆ. ಕೊರತೆ ಹೋದ ಮೇಲೆ ಕೊಬ್ಬು ಬರುತ್ತದೆ ಎಂದುಕೊಂಡಿದ್ದೆವು. ಎರಡೂ ಒಂದೇ ಬೆಂಚಿನ ಮೇಲೆ ಕೂತಿವೆ.

‘ನಮ್ಮ ಹುಡುಗ ಸಣಕಲ’ ಎಂದು ನಿಶ್ಚಿಂತರಾಗುವಂತೆಯೂ ಇಲ್ಲ. ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1997–98ರಲ್ಲಿ ಹುಟ್ಟಿದ ಕೂಸುಗಳನ್ನು ಸಂಶೋಧಕರು ವರ್ಷಗಟ್ಟಲೆ ಹಿಂಬಾಲಿಸಿದರು. ಬ್ರಿಟನ್ನಿನ ಕೂಸುಗಳಿಗಿಂತ ಇವು ತೂಕದಲ್ಲಿ, ಉದ್ದದಲ್ಲಿ ಕಡಿಮೆ. ಆದರೆ ಬೆನ್ನಿನ ಚರ್ಮದಡಿಯ ಕೊಬ್ಬು ಮಾತ್ರ ಕಡಿಮೆಯಿರಲಿಲ್ಲ. ಹೊಟ್ಟೆ ಹಸಿದ ತಾಯಿಯ ಕೂಸು ಕೂಡ ಕೊಬ್ಬನ್ನು ಉಳಿಸಿಕೊಂಡೇ ಹುಟ್ಟಬಲ್ಲದು. ಮುಂದೆ ಜೋಳದ ರೊಟ್ಟಿ, ಪುಂಡಿಪಲ್ಯ ಬಿಟ್ಟು ಐದು ರೂಪಾಯಿಯ ಪಾಕೀಟು, ಬಣ್ಣದ ಸಿಹಿ ನೀರು ಹಿಡಿದರೆ ಯಕೃತ್ತು ಅದರ ಹೆಚ್ಚುವರಿ ಸಕ್ಕರೆಯನ್ನು ಟ್ರೈಗ್ಲಿಸರೈಡ್ ಮಾಡಿ ರಕ್ತಕ್ಕೆ ಬಿಡುತ್ತದೆ. 2019ರಲ್ಲಿ ಭೌಗೋಳಿಕ ಗುರುತು ಪಡೆದ ತೊಗರಿ ನಮ್ಮ ಹೊಲದ್ದು. ಅದನ್ನು ಮಾರಿದ ದುಡ್ಡು ಪಾಕೀಟಿಗೆ ಹೋಗುವುದು ನನಗೆ ಸಂಕಟದ ವಿಷಯ.

ಏನು ಮಾಡಬೇಕು? ಮಗುವಿನ ಎತ್ತರದಷ್ಟು ಉದ್ದದ ದಾರ ತೆಗೆದುಕೊಂಡು ನಡುವೆ ಮಡಿಚಿ ಹೊಟ್ಟೆಗೆ ಸುತ್ತಿ. ಸುತ್ತು ಕೂಡದಿದ್ದರೆ ವೈದ್ಯರನ್ನು ಕಾಣಬೇಕು. ಉಡದಾರ ಬಿಗಿಯಾದರೆ ಹೊಸದು ಕಟ್ಟುವ ಕೈ ಈ ಲೆಕ್ಕವನ್ನೂ ಮಾಡಲಿ. ಮಾಸ್ತರರೆ, ಎತ್ತರ-ತೂಕ ಬರೆಯುವ ದಿನ ಸೊಂಟದ ಅಳತೆಯನ್ನೂ ಬರೆಯಿರಿ. ಮಗುವನ್ನು ಮಾತ್ರ ನಾಲ್ವರೆದುರು ‘ಡುಮ್ಮ’ ಎನ್ನಬೇಡಿ.

10ರಿಂದ 16ರ ವಯಸ್ಸಿನವರಿಗೆ ಅಂತರರಾಷ್ಟ್ರೀಯ ಮಧುಮೇಹ ಒಕ್ಕೂಟ 2007ರಲ್ಲಿ ಗೆರೆ ಹಾಕಿದೆ. ಹೊಟ್ಟೆಯ ಬೊಜ್ಜಿನ ಜೊತೆಗೆ ಟ್ರೈಗ್ಲಿಸರೈಡ್ 150 ಅಥವಾ ಹೆಚ್ಚು, ಎಚ್‌ಡಿಎಲ್ 40ಕ್ಕಿಂತ ಕಡಿಮೆ, ಹಸಿದ ಹೊಟ್ಟೆಯ ಸಕ್ಕರೆ 100 ಅಥವಾ ಹೆಚ್ಚು, ಏರಿದ ಬಿಪಿ, ಇವುಗಳಲ್ಲಿ ಎರಡಿದ್ದರೆ ಅದು ಮೆಟಬಾಲಿಕ್ ಸಿಂಡ್ರೋಮ್. ನಮ್ಮ ಹುಡುಗಿಯರ ವಿಷಯದಲ್ಲಿ ಇನ್ನೊಂದು ಎಚ್ಚರ ಬೇಕು: ಕಬ್ಬಿಣಾಂಶದ ಕೊರತೆಯಿದ್ದರೆ ‘ಮೂರು ತಿಂಗಳ ಸಕ್ಕರೆ’ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸಬಹುದು. ಅದೊಂದನ್ನೇ ನಂಬಿ ಮಗಳಿಗೆ ಶುಗರ್ ಎಂದು ಹೆದರಬೇಡಿ. ಹಿಮೋಗ್ಲೋಬಿನ್ ಕೂಡ ನೋಡಲು ಹೇಳಿ.

ಸರ್ಕಾರದ ಬಿಪಿ-ಶುಗರ್ ತಪಾಸಣೆ 30 ದಾಟಿದವರಿಗೆ. ಹದಿಮೂರರ ಮಗು ಆ ಪಟ್ಟಿಯಲ್ಲಿಲ್ಲ, ನೀವೇ ಕರೆದೊಯ್ಯಬೇಕು. ಹಿಂದಿನ ರಾತ್ರಿ ಊಟವಾದ ಮೇಲೆ ನೀರು ಬಿಟ್ಟು ಬೇರೇನೂ ಕೊಡದೆ, ಬೆಳಿಗ್ಗೆ ಬೇಗ ದವಾಖಾನೆಗೆ ಹೋಗಿ.