ಎರಡನೇ ತುತ್ತು

ಗಂಟಲನ್ನು ಒಳಗಿನಿಂದ ಕೆರೆದುಕೊಳ್ಳಲು ಆಗುವುದಿಲ್ಲ ಎಂಬ ಸತ್ಯ ನನಗೆ ಗೊತ್ತಾದದ್ದು ಏಳನೇ ವಯಸ್ಸಿನಲ್ಲಿ. ತೀರ್ಥಹಳ್ಳಿ ಕಡೆಯ ಅಜ್ಜಿಮನೆ, ಆಷಾಢದ ಜಡಿಮಳೆ. ಮರದ ಕವಲಲ್ಲಿ ಮಳೆಗಾಲಕ್ಕೆಂದೇ ಚಿಗುರುವ ಮರಗೆಸುವಿನ ಎಲೆ ಕೊಯ್ದು ತಂದು, ಅಜ್ಜಿ ಪತ್ರೊಡೆಗೆ ಕೂತಿದ್ದರು. ನೆನೆಸಿದ ಅಕ್ಕಿ, ಕೊತ್ತಂಬರಿ, ಒಣಮೆಣಸು, ಬೆಲ್ಲ, ಹುಳಿ ಎಲ್ಲ ಸೇರಿಸಿ ರುಬ್ಬಿದ ಹಿಟ್ಟನ್ನು ಎಲೆಯ ಬೆನ್ನಿಗೆ ಸವರುವುದು, ಅದರ ಮೇಲೆ ಇನ್ನೊಂದು ಎಲೆ, ಮತ್ತೆ ಹಿಟ್ಟು, ಆಮೇಲೆ ಚಾಪೆ ಸುತ್ತಿದ ಹಾಗೆ ಸುತ್ತಿ ಹಬೆಗೆ ಇಡುವುದು. ಹಿಟ್ಟಿನ ಘಮಕ್ಕೆ ನಾಲಿಗೆ ತಡೆಯಲಿಲ್ಲ. ಬೇಯುವ ತನಕ ಯಾರು ಕಾಯುತ್ತಾರೆ ಎಂದು ಬೋಳು ಎಲೆಯದೇ ಒಂದು ತುಂಡು ಹರಿದು ಹಿಟ್ಟಿಗೆ ಅದ್ದಿ ಬಾಯಿಗೆ ಹಾಕಿಕೊಂಡೆ.

ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಗಂಟಲಲ್ಲಿ ಯಾರೋ ಕಂಬಳಿ ಹಾಸಿದಂತಾಯಿತು. ಕುತ್ತಿಗೆಯನ್ನು ಹೊರಗಿನಿಂದ ತಿಕ್ಕಿದೆ, ಕೆಮ್ಮಿದೆ, ಕುಣಿದೆ. ಅಜ್ಜಿ ತಲೆಯೆತ್ತಿಯೂ ನೋಡದೆ, "ಹಸೀದು ತಿನ್ನಕ್ಕೆ ನೀನೇನು ಹಂದಿಯನ?" ಎಂದು ಹುಣಸೆಹಣ್ಣಿನ ಒಂದು ಉಂಡೆಯನ್ನು ನನ್ನ ಬಾಯಿಗೆ ತುರುಕಿದರು. ಮುಕ್ಕಾಲು ಗಂಟೆಯ ನಂತರ ಅದೇ ಎಲೆ ಬೆಂದು, ಹೋಳಾಗಿ, ಕೊಬ್ಬರಿ ಎಣ್ಣೆಯಲ್ಲಿ ಮಿಂದು ತಟ್ಟೆಗೆ ಬಂತು. ನಾಲ್ಕು ಹೋಳು ತಿಂದೆ.

ಈ ನಾಲ್ಕು ಹೋಳಿನ ಬಗ್ಗೆ ನಾನು ಇವತ್ತಿಗೂ ಯೋಚಿಸುತ್ತೇನೆ.

ವಿಚಿತ್ರ ತಿನಿಸಿನ ಮಾತು ಬಂದಲ್ಲೆಲ್ಲ "ಅಬ್ಬಾ, ಇದನ್ನು ಮೊದಲು ತಿಂದವನಿಗೆ ಎಂಥಾ ಧೈರ್ಯ ಇರಬೇಕು!" ಎಂದು ಉದ್ಗರಿಸುವವರು ಒಬ್ಬರಾದರೂ ಸಿಗುತ್ತಾರೆ. ಮೊದಲು ತಿಂದವನ ಧೈರ್ಯದ ಬಗ್ಗೆ ನನಗೆ ದೊಡ್ಡ ಗೌರವವಿಲ್ಲ. ಅವನು ಒಂದೋ ಹಸಿದಿರುತ್ತಾನೆ, ಇಲ್ಲ ನನ್ನ ಹಾಗೆ ಏನೂ ತಿಳಿಯದ ಏಳು ವರ್ಷದ ಮಂಗ ಆಗಿರುತ್ತಾನೆ. ಪೂಜೆ ಸಲ್ಲಬೇಕಾದದ್ದು ಎರಡನೇ ತುತ್ತು ತಿಂದವನಿಗೆ. ಗಂಟಲು ತುರಿಸಿದೆ, ಊರಿಗೆಲ್ಲ ಗೊತ್ತಾಗಿದೆ, ಕಾಡಿನಲ್ಲಿ ತುರಿಸದ ಸೊಪ್ಪು ಬೇಕಾದಷ್ಟಿದೆ. ಆದರೂ ಈ ಪುಣ್ಯಾತ್ಮ ಮರುದಿನ ಅದೇ ಗಿಡದ ಬುಡಕ್ಕೆ ಹೋಗಿ ನಿಂತಿದ್ದಾನೆ. ಯಾಕೆ?

ಕೆಸುವಿನ ಎಲೆಯೊಳಗೆ ಕ್ಯಾಲ್ಸಿಯಂ ಆಕ್ಸಲೇಟಿನ ಸೂಜಿಗಳು ಕಂತೆ ಕಂತೆಯಾಗಿ ಇರುತ್ತವೆ ಎಂದು ಮುಂದೆ ಕಾಲೇಜಿನಲ್ಲಿ ಓದಿದೆ. ತನ್ನನ್ನು ಯಾರೂ ತಿನ್ನದಿರಲಿ ಎಂದು ಗಿಡ ಮಾಡಿಕೊಂಡ ಏರ್ಪಾಡು. ಹುಳಿ ಬಿದ್ದರೆ ತುರಿಕೆ ಅಡಗುತ್ತದೆ ಎಂಬುದು ಅಡುಗೆಮನೆಯ ಏರ್ಪಾಡು. ಈ ಎರಡರ ನಡುವೆ ಎಷ್ಟು ಗಂಟಲುಗಳು ಸವೆದಿರಬಹುದು ನೋಡಿ. ಒಬ್ಬ ಸುಟ್ಟು ತಿಂದು ಕುಣಿದಿರಬೇಕು, ಇನ್ನೊಬ್ಬ ಬೇಯಿಸಿ ತಿಂದು ಅರ್ಧ ಕುಣಿದಿರಬೇಕು, ಮತ್ತೊಬ್ಬಳು ಮನೆಯಲ್ಲಿ ಬೇರೇನೂ ಇಲ್ಲದೆ ವಾಟೆಹುಳಿ ಹಾಕಿ ಗಂಡನಿಗೆ ಬಡಿಸಿ, ಅವನು ಕುಣಿಯದಿರುವುದನ್ನು ಕಂಡು ಬೆರಗಾಗಿರಬೇಕು.

ಕಳಲೆಯದು ಇನ್ನೂ ಗಂಭೀರ. ಎಳೆ ಬಿದಿರಿನ ಮೊಳಕೆಯಲ್ಲಿ ಸಯನೈಡ್ ಹುಟ್ಟಿಸುವ ವಸ್ತುವಿದೆ. ಹಾಗಾಗಿ ನಮ್ಮಲ್ಲಿ ಅದನ್ನು ಹೆಚ್ಚಿ ನೀರಿಗೆ ಹಾಕಿ, ದಿನಕ್ಕೊಮ್ಮೆ ನೀರು ಚೆಲ್ಲಿ ಬೇರೆ ನೀರು ಹಾಕಿ, ಮೂರು ದಿನ ಬಿಟ್ಟೇ ಪಲ್ಯ ಮಾಡುವುದು. ಮೂರು ದಿನ ಎಂದು ಹೇಗೆ ಗೊತ್ತಾಯಿತು ಎಂದು ಚಿಕ್ಕವನಿದ್ದಾಗ ಕೇಳಿದ್ದೆ. "ಹಿಂದಿನಿಂದ ಬಂದದ್ದು" ಎಂದರು ಅಜ್ಜಿ. ಹಿಂದಿನಿಂದ ಬಂದದ್ದು ಸರಿ, ಆದರೆ ಆ ಹಿಂದೆ ಒಂದು ದಿನ ನೆನೆಸಿ ತಿಂದವರು ಒಬ್ಬರು ಇದ್ದಿರಲೇಬೇಕಲ್ಲ? ಅವರ ಹೆಸರು ಯಾವ ಅಡುಗೆ ಪುಸ್ತಕದಲ್ಲೂ ಇಲ್ಲ.

ಈ ವಿಷಯದಲ್ಲಿ ಐಸ್‌ಲ್ಯಾಂಡಿನವರ ಮುಂದೆ ಮಾತ್ರ ನಾವು ಕೈ ಮುಗಿಯಬೇಕು. ಗ್ರೀನ್‌ಲ್ಯಾಂಡ್ ಶಾರ್ಕ್ ಎಂಬ ಮೀನಿನ ಮಾಂಸ ಹಸಿಯಾಗಿದ್ದರೆ ವಿಷ, ತಿಂದವರು ಕುಡಿದವರಂತೆ ತೂರಾಡುತ್ತಾರೆ. ಆದ್ದರಿಂದ ಅವರು ಅದನ್ನು ಹರಳುಮಣ್ಣಿನ ಗುಂಡಿಯಲ್ಲಿ ಹೂತು, ಮೇಲೆ ಕಲ್ಲು ಹೇರಿ, 6ರಿಂದ 12 ವಾರ ಕೊಳೆಯಲು ಬಿಡುತ್ತಾರೆ. ತೆಗೆದು ನಾಲ್ಕೈದು ತಿಂಗಳು ಗಾಳಿಗೆ ನೇತುಹಾಕುತ್ತಾರೆ. ಹೌಕಾರ್ಟ್ಲ್ ಎಂದು ಹೆಸರು, ಅಮೋನಿಯದ ವಾಸನೆ. ಇಲ್ಲಿಯೂ ನನ್ನ ಪ್ರಶ್ನೆ ಅದೇ. ತಿಂದರು, ವಿಷ ಎಂದು ಗೊತ್ತಾಯಿತು, ಹೂತರು. ಅಲ್ಲಿಯವರೆಗೆ ಎಲ್ಲರೂ ಮಾಡುವ ಕೆಲಸವೇ. ಹೂತದ್ದನ್ನು ಎರಡು ತಿಂಗಳು ಬಿಟ್ಟು ಮತ್ತೆ ಅಗೆದು ಮೂಸಿ, "ಈಗ ನೋಡೋಣ" ಎಂದವನು ಯಾರು? ಆ ಚಳಿಗಾಲ ಎಷ್ಟು ಉದ್ದವಿತ್ತೋ, ಮನೆಯಲ್ಲಿ ಎಷ್ಟು ಮಕ್ಕಳಿದ್ದರೋ.

ಎಲ್ಲದಕ್ಕೂ ಹಸಿವನ್ನೇ ಕಾರಣ ಮಾಡಬೇಕಾಗಿಲ್ಲ. ಚಗಳಿ ಚಟ್ನಿಯ ಬಗ್ಗೆ ನನ್ನದೇ ಒಂದು ಸಿದ್ಧಾಂತವಿದೆ. ಚಗಳಿ ಎಂದರೆ ಮಾವಿನ ಮರದಲ್ಲಿ, ಕಾಫಿ ತೋಟದ ನೆರಳಿನ ಮರಗಳಲ್ಲಿ ಎಲೆ ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಹೊಲಿಯಲು ನೂಲು ಬೇಕಲ್ಲ, ಅದಕ್ಕೆ ತಮ್ಮ ಮರಿಹುಳುಗಳನ್ನೇ ಬಾಯಲ್ಲಿ ಹಿಡಿದು, ಅವು ಉಗುಳುವ ರೇಷ್ಮೆಯಿಂದ ಎಲೆಗೆ ಎಲೆ ಅಂಟಿಸುತ್ತವೆ. ಮಕ್ಕಳನ್ನು ಕೆಲಸಕ್ಕೆ ಹಚ್ಚುವುದರಲ್ಲಿ ನಮ್ಮ ಅಜ್ಜಿಗಿಂತ ಒಂದು ಕೈ ಮೇಲು. ಮಾವಿನಕಾಯಿಗೆ ಮರ ಹತ್ತಿದವನ ಬನಿಯನ್ನಿನೊಳಗೆ ಇವು ಇಳಿದರೆ, ಎರಡೂ ಕೈಯಲ್ಲಿ ಕೊಂಬೆ ಹಿಡಿದವನಿಗೆ ಆಯುಧ ಎಂದು ಉಳಿಯುವುದು ಹಲ್ಲೊಂದೇ. ಆ ಸಿಟ್ಟಿನಲ್ಲಿ ಯಾರೋ ಒಬ್ಬ, ಕಚ್ಚಿದ್ದಕ್ಕೆ ತಿರುಗಿ ಕಚ್ಚಿದ್ದಾನೆ. ಹುಳಿ! ಇರುವೆಯ ಮೈಯಲ್ಲಿರುವುದು ಫಾರ್ಮಿಕ್ ಆಮ್ಲ, ನಾಲಿಗೆಗೆ ನಿಂಬೆರಸದ ಅಣ್ಣ. ಇಳಿದು ಬಂದವನೇ ಉಪ್ಪು, ಬೆಳ್ಳುಳ್ಳಿ, ಸೂಜಿಮೆಣಸು ಹುಡುಕಿರುತ್ತಾನೆ. ಸೇಡಿನಿಂದ ಹುಟ್ಟಿದ ಚಟ್ನಿ ಇದು ಎಂದು ನಾನು ಬಲವಾಗಿ ನಂಬಿದ್ದೇನೆ. ಸಕಲೇಶಪುರದ ಕಡೆ ಗೆಳೆಯನ ಮನೆಯಲ್ಲಿ ಅಕ್ಕಿರೊಟ್ಟಿಯ ಜೊತೆ ಇದನ್ನು ಹಾಕಿದಾಗ ಮೊದಲು ಕಣ್ಣುಮುಚ್ಚಿ ನುಂಗಿದೆ, ಎರಡನೇ ಸಲ ಕಣ್ಣುಬಿಟ್ಟು ಕೇಳಿ ಹಾಕಿಸಿಕೊಂಡೆ. ಒಡಿಶಾದ ಮಯೂರ್‌ಭಂಜಿನವರು ತಮ್ಮ ಇರುವೆ ಚಟ್ನಿಗೆ 2024ರಲ್ಲಿ ಜಿಐ ಮಾನ್ಯತೆಯನ್ನೇ ತಂದುಕೊಂಡರು. ನಮ್ಮ ಚಗಳಿ ಇನ್ನೂ ಬನಿಯನ್ನಿನಲ್ಲೇ ಇದೆ.

ಕೊಡಗಿನಲ್ಲಿ ನನಗಾದದ್ದನ್ನು ಹೇಳಲು ಸ್ವಲ್ಪ ಸಂಕೋಚ. ಅಲ್ಲಿ ಕಕ್ಕಡ ಮಾಸದ ಹದಿನೆಂಟನೇ ದಿನ, ಅಂದರೆ ಆಗಸ್ಟ್ ಮೊದಲ ವಾರದಲ್ಲಿ, ಮದ್ದುಸೊಪ್ಪಿನ ಪಾಯಸ ಮಾಡುತ್ತಾರೆ. ಆ ದಿನ ಈ ಗಿಡದಲ್ಲಿ ಹದಿನೆಂಟು ಬಗೆಯ ಔಷಧ ಸೇರಿರುತ್ತದೆ ಎಂದು ನಂಬಿಕೆ. ಹಸಿರು ಸೊಪ್ಪನ್ನು ಕುದಿಸಿದರೆ ನೀರು ಕಡುನೇರಳೆ. ಗೆಳೆಯನ ತಾಯಿ ಪ್ರೀತಿಯಿಂದ ಬಡಿಸಿದರು, ಬಣ್ಣ ನೋಡಿ ಶಾಯಿಯ ನೆನಪಾದರೂ ಎರಡು ಬಟ್ಟಲು ಕುಡಿದೆ. ಮರುದಿನ ಬೆಳಿಗ್ಗೆ ಬಚ್ಚಲಿನಲ್ಲಿ ನಿಂತವನಿಗೆ ಕಂಡದ್ದು ಕೆಂಪು. ಇಪ್ಪತ್ತಾರರ ವಯಸ್ಸು, ಮದುವೆ ನಿಶ್ಚಯವಾಗಿತ್ತು. ಕಣ್ಣಮುಂದೆ ಆಸ್ಪತ್ರೆ, ಅಮ್ಮನ ಅಳು, ಹಿಂದಿರುಗಿಸಬೇಕಾದ ತಾಂಬೂಲ ಎಲ್ಲ ಸಾಲಾಗಿ ಹಾದುಹೋದವು. ಮುಖ ಬಿಳಿಚಿಕೊಂಡು ಹೊರಬಂದೆ. ಗೆಳೆಯನ ತಾಯಿ ಕಾಫಿ ಲೋಟ ಕೊಡುತ್ತಾ, ಎಲ್ಲರೆದುರೇ, "ಕೆಂಪು ಹೋಯ್ತಾ?" ಎಂದರು. ಹೋಯಿತು ಎಂದೆ. "ಹಾಗಾದ್ರೆ ಮದ್ದು ಹಿಡೀತು" ಎಂದು ಮನೆಮಂದಿಯೆಲ್ಲ ಸಂತೋಷಪಟ್ಟರು. ಸೊಪ್ಪಿನ ಬಣ್ಣ ಅಷ್ಟೆ, ಮತ್ತೇನಿಲ್ಲ. ಆದರೆ ಮೊದಲ ಸಲ ಅದನ್ನು ಕುಡಿದು, ಮೊದಲ ಬೆಳಗನ್ನು ಹೇಳುವವರಿಲ್ಲದೆ ಎದುರಿಸಿದವನ ಸ್ಥಿತಿ ಯಾರಿಗೆ ಗೊತ್ತು? ಅವನು ಸಾಯಲಿಲ್ಲ. ಬದುಕಿ, ಆ ಕೆಂಪನ್ನೇ ಗುಣದ ಗುರುತು ಎಂದು ಸಾರಿ, ಮುಂದಿನ ವರ್ಷ ಊರಿಗೆಲ್ಲ ಕುಡಿಸಿದ. ಇದಲ್ಲವೇ ಎರಡನೇ ತುತ್ತು!

ಇಷ್ಟೆಲ್ಲ ಓದಿ ಮೂಗು ಮುರಿಯುವವರು ತಮ್ಮ ಸಾರಿನ ಪಾತ್ರೆಯೊಳಗೆ ಒಮ್ಮೆ ಇಣುಕಬೇಕು. ಮೆಣಸಿನಕಾಯಿ ನಮ್ಮದಲ್ಲ ಎಂಬುದನ್ನು ಬಿ.ಜಿ.ಎಲ್. ಸ್ವಾಮಿ 'ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ' ಎಂದು ಹೆಸರಿನಲ್ಲೇ ತಮಾಷೆಯಿಟ್ಟು ಹೇಳಿಬಿಟ್ಟಿದ್ದಾರೆ. 16ನೇ ಶತಮಾನದಲ್ಲಿ ಪೋರ್ಚುಗೀಸರ ಹಡಗಿನಲ್ಲಿ ಬಂದ ಅತಿಥಿ, ಮನೆಯ ಯಜಮಾನ ಮೆಣಸಿನ ಹೆಸರನ್ನೇ ಕಿತ್ತುಕೊಂಡು, ಅವನನ್ನು 'ಕಾಳುಮೆಣಸು' ಮಾಡಿ ಮೂಲೆಗೆ ಕೂರಿಸಿತು. ಖಾರ ಹಕ್ಕಿಗಳಿಗೆ ತಾಗುವುದಿಲ್ಲ, ನಮ್ಮಂಥ ಪ್ರಾಣಿಗಳಿಗೆ ಮಾತ್ರ ತಾಗುತ್ತದೆ. ಹಕ್ಕಿ ತಿಂದು ಬೀಜ ಹರಡಲಿ, ಉಳಿದವರು ದೂರ ಇರಲಿ ಎಂದು ಗಿಡ ಇಷ್ಟು ಸ್ಪಷ್ಟವಾಗಿ ಬರೆದು ತಗುಲಿಸಿದ ಬೋರ್ಡು ಅದು. ಅದನ್ನು ಓದಿ, ಕಣ್ಣು ಮೂಗು ಸುರಿಸಿಕೊಂಡು, "ಇನ್ನೆರಡು ಹಾಕಿ" ಎಂದ ಜನ ನಾವು.

ಮೊನ್ನೆ ಬೆಂಗಳೂರಿನ ಮಾರುಕಟ್ಟೆಯಲ್ಲಿ ಕೆಸುವಿನ ಎಲೆ ಸಿಕ್ಕಿತು. ಹೆಂಡತಿ ಮೈಸೂರು ಕಡೆಯವಳು, ಪತ್ರೊಡೆ ಅವಳ ತವರಿನ ಅಡುಗೆಯಲ್ಲ. ಆದರೂ ಮೊಬೈಲ್ ನೋಡಿಕೊಂಡು ತಾನೇ ಮಾಡಿದಳು. ಹೋಳು ಮಾಡಿ, ಒಗ್ಗರಣೆ ಕೊಟ್ಟು, ನನ್ನ ಮುಂದಿಟ್ಟಳು. ಅವಳ ತಟ್ಟೆ ಖಾಲಿ ಇತ್ತು.

"ಹುಳಿ ಎಷ್ಟು ಹಾಕಿದೆ?"

"ನಿಂಬೆಹಣ್ಣಿನ ಗಾತ್ರ ಅಂತ ಹೇಳಿದ್ರು. ಯಾವ ನಿಂಬೆಹಣ್ಣು ಅಂತ ಹೇಳ್ಲಿಲ್ಲ. ನೀವು ತಿನ್ನಿ, ನೋಡೋಣ."

ತಿಂದೆ. ಅವಳು ನನ್ನ ಕುತ್ತಿಗೆಯನ್ನೇ ನೋಡುತ್ತಾ ಕುಳಿತಳು. ಒಂದು ನಿಮಿಷ ಏನೂ ಆಗಲಿಲ್ಲ. ಆಮೇಲೆ ನಾಲಿಗೆಯ ಬುಡದಲ್ಲಿ, ಬಹಳ ಹಳೆಯ ಪರಿಚಯದ ಯಾರೋ ಬಂದು ಬಾಗಿಲು ತಟ್ಟಿದಂತಾಯಿತು.

"ಹೇಗಿದೆ?" ಎಂದಳು.

"ಇನ್ನೆರಡು ಹೋಳು ಹಾಕು," ಎಂದೆ, "ಹಾಗೇ ಹುಣಸೆಹಣ್ಣಿನ ಡಬ್ಬಿಯನ್ನೂ ಇತ್ತ ತಳ್ಳು."